ಹಳೆ ಡೀಸೆಲ್ ಜೀಪು: ಇಂಜಿನ್ ಬಿಚ್ಚಿಸೋದೋ, ಬದಲಿಸೋದೋ, ಮಾರಿಬಿಡೋದೋ?

ನಮ್ಮ ಮನೆಯ ಜೀಪು 1994ರ ಮಾಡೆಲ್. ಮಹೀಂದ್ರಾ ಎಂಎಂ 540, ಕೆಎ-25 ನಂಬರ್. ಅಣ್ಣಿಗೇರಿ ಕಡೆಯ ಹೊಲಕ್ಕೆ ಓಡಾಡಲಿಕ್ಕೆ ಅಂತ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಈಗ ನಾನಿರುವುದು ಹುಬ್ಬಳ್ಳಿಯಲ್ಲಿ. ಜೀಪೂ ಇಲ್ಲೇ ಇದೆ, ವಾರಕ್ಕೊಮ್ಮೆ ಹೊಲ ನೋಡಿಕೊಂಡು ಬರುತ್ತದೆ.

2017ರಲ್ಲಿ ಅದು ಹೊಗೆ ಉಗುಳತೊಡಗಿತು. ಮನೆಯಲ್ಲಿ ಮೂರು ಬಣ ಆಯಿತು. ಗುಜರಿಗೆ ಹಾಕಿ ಕೈ ತೊಳ್ಕೊ ಅಂದಳು ಅವ್ವ. ಬೇರೆ ಇಂಜಿನ್ ಕೂರಿಸು, ಹಳೇದು ಎಲ್ಲಾದರೂ ಸಿಗುತ್ತದೆ ಅಂದ ಸೋದರಮಾವನ ಮಗ. ಇದ್ದ ಇಂಜಿನನ್ನೇ ಇಳಿಸಿ ಮಾಡಿಸೋಣ ಅನ್ನೋದು ನನ್ನ ಹಟ. ಗೋಕುಲ ರೋಡ್ ಕಡೆ ನಮ್ಮ ಮಿಸ್ತ್ರಿ ಚಾಚಾ ಇದ್ದಾರೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಗೌಡ್ರ, ಇಂಜಿನ್ ಆಮ್ಯಾಲ ನೋಡೂಣು. ಮದ್ಲ ಚಾಸಿ ತೋರಸ್ರಿ."

ಚಾಸಿ ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು. ಗೋಣಿಚೀಲ ಹಾಸಿ, ಉದ್ದನೆ ಸ್ಕ್ರೂಡ್ರೈವರ್ ಹಿಡಿದು ಜೀಪಿನ ಕೆಳಗೆ ಹೋದರು. ಹಿಂದಿನ ಕಮಾನ್ ಪಟ್ಟಿ (ಸ್ಪ್ರಿಂಗ್) ಚಾಸಿಗೆ ಸೇರುವ ಕಡೆ ಅದರ ಹಿಡಿಯಿಂದ ಬಡಿದರು. ಟಣ್ ಅಂತು. ಇನ್ನೊಂದು ಬದಿ ಬಡಿದರು. ಅಲ್ಲೂ ಟಣ್. ಒಂದು ಕಡೆ ಮಾತ್ರ ದಬ್ ಅಂತು. ಚಾಸಿಯ ಮಡಿಕೆಯೊಳಗೆ ಎರೆ ಮಣ್ಣು ಒಣಗಿ ಇಟ್ಟಿಗೆ ಆಗಿ ಕೂತಿತ್ತು. ಕೆತ್ತಿ ತೆಗೆದು ಮತ್ತೆ ಬಡಿದರು. ಟಣ್. "ಗಾಡಿ ಐತಿ" ಅಂದರು.

ಇಂಥ ಗಾಡಿ ಇಟ್ಟುಕೊಂಡವರು ಯಾರೇ ಕೇಳಿದರೂ ನಾನು ಈಗ ಇದನ್ನೇ ಹೇಳುವುದು. ಇಂಜಿನ್ ಹೋದರೆ ಹುಬ್ಬಳ್ಳಿಯಲ್ಲಿ ರಿಪೇರಿ ಆಗುತ್ತದೆ. ಚಾಸಿ ಹೋದರೆ, ಇಲ್ಲವೇ ಕಾಗದ ಕೆಟ್ಟರೆ, ಯಾವ ಮಿಸ್ತ್ರಿಯೂ ಉಳಿಸಿಕೊಡಲಾರ. ಅದಕ್ಕೇ ಯಾವುದನ್ನು ಆರಿಸಬೇಕು ಅನ್ನೋ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು.

ಗದಗಿನ ಗಾಡಿಯೋ, ಕಾರವಾರದ ಗಾಡಿಯೋ

ಹಳೇದನ್ನು ಹೊಸದಾಗಿ ಕೊಳ್ಳುವವರಿಗೆ ಈ ಮಾತು. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಜೀಪು ಮುಂದಿವೆ ಅನ್ನಿ. ಒಂದು ಮುಂಡರಗಿ ಕಡೆ ಓಡಿದ್ದು, ಬಣ್ಣ ಸುಟ್ಟು ಹೋಗಿದೆ, ಸೀಟು ಹರಿದಿದೆ. ಇನ್ನೊಂದು ಕಾರವಾರ, ಕುಮಟಾ ಕಡೆಯದು, ಹೊಸ ಪೇಂಟ್ ಹೊಡೆದು ಥಳಥಳ ಅನ್ನುತ್ತದೆ. ನಾನಾದರೆ ಕಣ್ಣುಮುಚ್ಚಿ ಮುಂಡರಗಿಯದನ್ನು ತಗೊಳ್ಳುತ್ತೇನೆ. ಸೀಟು, ಬಣ್ಣ ದುಡ್ಡಿಗೆ ಸಿಗುತ್ತವೆ. ಉಪ್ಪು ಗಾಳಿ ತಿಂದ ಚಾಸಿ ಮಾತ್ರ ದುಡ್ಡಿಗೂ ಸಿಗುವುದಿಲ್ಲ. ನಮ್ಮ ಬಯಲುಸೀಮೆಯ ಒಣ ಹವೆ ಬೆಳೆಗೆ ಶತ್ರುವಾದರೂ ಕಬ್ಬಿಣಕ್ಕೆ ಮಿತ್ರ.

ಆದರೆ ಎರೆ ಮಣ್ಣಿನದೊಂದು ಕಾಟ ಇದೆ. ಅದು ಮೂಲೆಗಳಲ್ಲಿ ಕೂತರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಮೇಲೆ ತೊಳೆಸಿದರೆ ಉಪಯೋಗ ಇಲ್ಲ. ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ, ಕೆಳಗಿಂದ ಪೈಪ್ ಬಿಟ್ಟು, ಕಮಾನ್ ಪಟ್ಟಿಯ ಹಿಂದೆ, ಚಾಸಿಯ ಒಳಗೆ ನೀರು ತಿಳಿಯಾಗಿ ಬರುವವರೆಗೆ ತೊಳೆಸಿ.

ಅಲ್ಲಲ್ಲಿ ವೆಲ್ಡಿಂಗ್ ಆಗಿರುವ ಚಾಸಿ ಕಂಡರೆ ಹೆದರಬೇಕಾಗಿಲ್ಲ, ಆದರೆ ಎಲ್ಲಿ ಆಗಿದೆ ನೋಡಿ. ಅಡ್ಡ ಪಟ್ಟಿಗೆ ಆಗಿದ್ದರೆ ಪರವಾಗಿಲ್ಲ. ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಆಗಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಚಾಸಿ ನಂಬರ್ ಹೊಡೆದ ಜಾಗ ತಿಕ್ಕಿದಂತೆ ಕಂಡರೂ ಅಷ್ಟೇ.

ಕಾಗದದ ಖರ್ಚು

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಪಾಸಿಂಗ್, ಅಂದರೆ ನೋಂದಣಿ ನವೀಕರಣ. ನಮ್ಮದಕ್ಕೆ 2009, 2014, 2019, 2024 ಹೀಗೆ ನಾಲ್ಕು ಸಲ ಆಗಿದೆ. ಮೊದಲು ಕಾರು, ಜೀಪಿಗೆ ಫೀ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಗಾಡಿಗಳಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಅವಧಿ ಮುಗಿದ ಮೇಲೆ ತಡ ಮಾಡಿದರೆ ತಿಂಗಳಿಗೆ 500 ದಂಡ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ಅದು ಫಾರ್ಮ್ 25.

ವಿಮೆಯಲ್ಲಿ 1500 ಸಿಸಿ ಮೇಲಿನ ಖಾಸಗಿ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನಲ್ಲಿ 7,897 ರೂಪಾಯಿ ಅಂತ ನಿಗದಿಯಾಯಿತು. ನಮ್ಮ ಜೀಪು 2112 ಸಿಸಿ, ಹಾಗಾಗಿ ಇದೇ ಸಾಲಿಗೆ ಬರುತ್ತದೆ. ಗಾಡಿ ಮನೆ ಮುಂದೆ ಸುಮ್ನೆ ನಿಂತರೂ ಈ ದುಡ್ಡು ಹೋಗುತ್ತದೆ. ವರ್ಷಕ್ಕೆ ಹತ್ತು ಸಲ ಕೂಡ ಹೊರಗೆ ತೆಗೆಯದ ಗಾಡಿಗೆ ಇದು ತುಟ್ಟಿ ಅಲ್ವಾ? ಅಂಥವರು ಇಂಜಿನ್ ವಿಚಾರಕ್ಕೆ ಬರುವ ಮೊದಲೇ ಮಾರೋದು ಲೇಸು.

ದಿಲ್ಲಿಯಲ್ಲಿ 10 ವರ್ಷದ ಡೀಸೆಲ್ ಗಾಡಿ ಓಡಿಸಬಾರದು ಅನ್ನೋ ಸುದ್ದಿ ಓದಿ ನಮ್ಮ ಕಡೆಯವರೂ ಅವಸರದಲ್ಲಿ ಗಾಡಿ ಮಾರಿದ್ದನ್ನು ನೋಡಿದ್ದೇನೆ. ಅದು ದಿಲ್ಲಿ ಸುತ್ತಮುತ್ತಲ ಮಾತು, ಧಾರವಾಡದ್ದಲ್ಲ.

ಬಿಚ್ಚುವ ಮೊದಲು

ಹೊಗೆ ಬಂತು ಅಂದಕೂಡಲೇ ಇಂಜಿನ್ ಇಳಿಸಬೇಡಿ. ಬಣ್ಣ ನೋಡಿ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಡೀಸೆಲ್ ಚಿಮ್ಮಿಸುವ ನೋಝಲ್ ಉಗುಳುತ್ತಿರಬಹುದು, ಡೀಸೆಲ್ ಪಂಪ್ ಹೊಂದಿಸಬೇಕಿರಬಹುದು. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಚಳಿಗಾಲದ ಬೆಳಗ್ಗೆ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಸ್ಟಾರ್ಟ್ ಮಾಡುವಾಗ ಇಂಜಿನ್ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ನೋಡಿಸಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹಾಳೆ) ಮೇಲೆ ಅನುಮಾನ.

ಮಿಸ್ತ್ರಿ ಚಾಚಾ ಮಾಡುವ ಪರೀಕ್ಷೆ ಇನ್ನೂ ಸುಲಭ. ಇಂಜಿನ್ ಬಿಸಿಯಾಗಿ ಸಣ್ಣಗೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಬಾಯಿಯ ಮೇಲೆ ಹಾಗೇ ಬೋರಲು ಇಡುತ್ತಾರೆ. ಮುಚ್ಚಳ ಸಣ್ಣಗೆ ನಡುಗಿದರೆ ಸರಿ. ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಕುಣಿದರೆ, ಜೊತೆಗೆ ಬುಸುಬುಸು ಹೊಗೆ ಬಂದರೆ, ಪಿಸ್ಟನ್ನಿನ ರಿಂಗ್ ಸವೆದು ಗ್ಯಾಸ್ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ. ನಮ್ಮದು ಕುಣಿಯಿತು. ಅದಾದ ಮೇಲೂ ಕಂಪ್ರೆಷನ್ ಗೇಜ್ ಹಾಕಿ ನೋಡಿಯೇ ಇಳಿಸಿದ್ದು.

ನಮ್ಮ ಕಡೆ ರಿಂಗ್ ಬೇಗ ಹೋಗಲು ಕಾರಣ ಧೂಳು. ಕಡಲೆ ರಾಶಿ ಹೊತ್ತಿಗೆ ನವಲಗುಂದ, ನರಗುಂದದ ಹೊಲದ ದಾರಿಯಲ್ಲಿ ಮುಂದಿನ ಟ್ರ್ಯಾಕ್ಟರ್ ಕೂಡ ಕಾಣುವುದಿಲ್ಲ. ಕೆಲವು ಹಳೆ ಜೀಪುಗಳಿಗೆ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಅದನ್ನು ತೆಗೆದು ಪೇಪರ್ ಫಿಲ್ಟರ್ ಹಾಕಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ಪೇಪರ್ ಫಿಲ್ಟರ್ ಸಣ್ಣ ಧೂಳನ್ನೂ ಹಿಡಿಯುತ್ತದೆ, ಆದರೆ ಬೇಗ ಕಟ್ಟುತ್ತದೆ, ಮತ್ತೆ ಮತ್ತೆ ಕೊಳ್ಳಬೇಕು. ಎಣ್ಣೆಯದನ್ನು ತೊಳೆದು ಮತ್ತೆ ಬಳಸಬಹುದು, ಆದರೆ ತೊಳೆಯಲೇಬೇಕು. ಬಟ್ಟಲಿನ ತಳದಲ್ಲಿ ಬೆರಳಾಡಿಸಿದರೆ ಹುಗ್ಗಿಯ ಹಾಗೆ ಕೆಸರು ಸಿಗುತ್ತದೆ ಅಂದರೆ ತಡವಾಯಿತು ಅಂತಲೇ. ಸೋಮಾರಿಗಳಿಗೆ ಪೇಪರ್ ಫಿಲ್ಟರ್ ಲೇಸು. ನಾನು ಹಾಕಿಸಿರುವುದು ಅದನ್ನೇ.

ಇದ್ದ ಇಂಜಿನ್ ಮಾಡಿಸೋದು

ಎಂಎಂ 540ಗೆ ಬಂದದ್ದು ಪ್ಯೂಜೋ ಡೀಸೆಲ್ ಇಂಜಿನ್. ಸದ್ದು ಕಡಿಮೆ, ಓಟ ಮೆತ್ತಗೆ. ತೊಂದರೆ ಏನೆಂದರೆ ಅದರ ಬಿಡಿಭಾಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಅದೇ ಮಹೀಂದ್ರಾದ ಎಂಡಿಐ ಇಂಜಿನ್, 2523 ಸಿಸಿಯದು, ಟ್ರ್ಯಾಕ್ಟರ್ ಸ್ವಭಾವದ್ದು. ಗಡಗಡ ಅನ್ನುತ್ತದೆ, ಮಾತಾಡಲು ಕೂಗಬೇಕು. ಆದರೆ ಅದರ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ತಾಲೂಕು ಊರಲ್ಲೂ ಸಿಗುತ್ತವೆ. ಪಿಕಪ್, ಕ್ಯಾಂಪರ್ ಓಡಿಸುವವರು ಇರುವವರೆಗೆ ಅದಕ್ಕೆ ಭಯ ಇಲ್ಲ. ಹೊಸದಾಗಿ ಹಳೆ ಜೀಪು ಹುಡುಕುವ ರೈತನಿಗೆ ನಾನು ಎಂಡಿಐ ಅನ್ನುತ್ತೇನೆ. ಈಗಾಗಲೇ ಪ್ಯೂಜೋ ಇದ್ದವರು ಬಿಚ್ಚಿ ನೋಡಿ ತೀರ್ಮಾನ ಮಾಡಲಿ.

ಬಿಚ್ಚಿದಾಗ ಮೊದಲು ನೋಡಬೇಕಾದದ್ದು ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ. ಅದು ಹಿಂದೆ ಎಷ್ಟು ಗ್ರೈಂಡ್ ಆಗಿ ಸಣ್ಣದಾಗಿದೆ ಅನ್ನೋದು ಹಳೆ ಬೇರಿಂಗಿನ ಬೆನ್ನ ಮೇಲೆ ಹೊಡೆದಿರುತ್ತದೆ: ಹತ್ತು, ಇಪ್ಪತ್ತು, ಮೂವತ್ತು ಅಂತ. ಚಾಚಾ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬೆಳಕಿಗೆ ಹಿಡಿದಾಗ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಹತ್ತು ಇತ್ತು. ಅಂದರೆ ಇನ್ನೂ ಅವಕಾಶ ಇದೆ. ಮೂವತ್ತೋ ನಲವತ್ತೋ ಇದ್ದಿದ್ದರೆ ಬೇರೆ ಕ್ರ್ಯಾಂಕ್ ಹುಡುಕಬೇಕಿತ್ತು, ಆಗ ಇಡೀ ಲೆಕ್ಕವೇ ಬೇರೆ.

ಇಂಜಿನ್ ಕೆಲಸದಲ್ಲಿ ಉಳಿಸಬಾರದ ಖರ್ಚುಗಳು ಕೆಲವು ಇವೆ. ಪಂಪ್ ಮತ್ತು ನೋಝಲ್ ಎರಡನ್ನೂ ಪಂಪ್ ರೂಮಿಗೆ ಕೊಟ್ಟು ಮೆಷಿನ್ ಮೇಲೆ ಹೊಂದಿಸಿ ತರಬೇಕು. ಕಿವಿಯಿಂದ ಹೊಂದಿಸುತ್ತೇನೆ ಅನ್ನುವವರು ಇದ್ದಾರೆ, ಅವರ ಕಿವಿಗೆ ದೊಡ್ಡ ನಮಸ್ಕಾರ. ಹೆಡ್ ಅನ್ನು ಲೇತ್ ಅಂಗಡಿಯಲ್ಲಿ ಬಿರುಕಿಗೆ ಪರೀಕ್ಷೆ ಮಾಡಿಸಬೇಕು. ಗೇರ್ ಬಾಕ್ಸ್ ಹೇಗೂ ಬೇರೆಯಾಗಿರುವಾಗ ಕ್ಲಚ್ ಪ್ಲೇಟ್ ಹಾಕಿಸಿಬಿಡಬೇಕು, ಇಲ್ಲವಾದರೆ ಆರು ತಿಂಗಳಿಗೆ ಅದೇ ಕೂಲಿ ಮತ್ತೆ ಕೊಡಬೇಕು.

ನಾನು ಉಳಿಸಲು ಹೋದದ್ದು ರೇಡಿಯೇಟರ್‌ನಲ್ಲಿ. ಚಾಚಾ ಅದನ್ನು ಬಿಚ್ಚಿ, ರಾಡ್ ಹೊಡೆಸಿ ಒಳಗಿನ ಕಟ್ಟು ತೆಗೆಸಿ ಅಂದರು, ಮುಂದಿನ ತಿಂಗಳು ನೋಡೋಣ ಅಂದೆ. ಒಟ್ಟು ಬಿಲ್ಲು ಲಕ್ಷದ ಹತ್ತಿರ ಹೋಗಿತ್ತು, ಕೈ ಬಿಗಿಯಾಗಿತ್ತು. ಮುಂದಿನ ಏಪ್ರಿಲ್‌ನಲ್ಲಿ ಅಣ್ಣಿಗೇರಿ ದಾಟಿ ಗದಗ ಕಡೆ ಹೊರಟಾಗ, ಮಟಮಟ ಮಧ್ಯಾಹ್ನ, ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ. ಹೊಸ ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಮತ್ತೆ ಲೇತಿಗೆ ಹೋಯಿತು. ರೇಡಿಯೇಟರ್ ಟ್ಯೂಬುಗಳು ಅರ್ಧಕ್ಕರ್ಧ ಬೋರ್‌ವೆಲ್ ನೀರಿನ ಸುಣ್ಣದಿಂದ ಕಟ್ಟಿದ್ದವು. ಅಂದಿನಿಂದ ಬೋರ್ ನೀರು ಹಾಕೋದು ಬಿಟ್ಟಿದ್ದೇನೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು, ಅರ್ಧ ಅರ್ಧ.

ಬೇರೆ ಇಂಜಿನ್ ಕೂರಿಸೋದು

ಸೋದರಮಾವನ ಮಗ ತನ್ನ ಜೀಪಿಗೆ ಇದನ್ನೇ ಮಾಡಿದ. ಹಳೆ ಗಾಡಿಯಿಂದ ಬಿಚ್ಚಿದ ಎಂಡಿಐ ಇಂಜಿನ್ ತಂದ, ಚಾಸಿಯ ಮೇಲೆ ಇಂಜಿನ್ ಕೂರುವ ಫೌಂಡೇಶನ್ ಬದಲಿಸಿ ಕೂರಿಸಿದ. ನನ್ನ ಅರ್ಧ ಖರ್ಚಿನಲ್ಲಿ, ವಾರದಲ್ಲಿ ಗಾಡಿ ರೋಡಿಗೆ ಬಂತು. ಎಳೆತ ಚೆನ್ನಾಗಿತ್ತು, ನನಗೆ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಪಾಸಿಂಗ್ ಹೊತ್ತಿಗೆ ಗೊತ್ತಾಯಿತು. ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಒಂದು, ಗಾಡಿಯಲ್ಲಿರುವುದು ಇನ್ನೊಂದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಒದಿಂದ ಮೊದಲೇ ಅನುಮತಿ ಬೇಕು, ಆಮೇಲೆ ಆರ್‌ಸಿಯಲ್ಲಿ ನಮೂದಾಗಬೇಕು. ಇಂಜಿನ್ ಕೊಟ್ಟವನ ಹತ್ತಿರ ಬಿಲ್ಲು ಕೇಳಿದರೆ ಅವನು ಬಿಳಿ ಚೀಟಿ ಕೊಟ್ಟ. ಆ ಇಂಜಿನ್ ಯಾವ ಗಾಡಿಯದು, ಆ ಗಾಡಿ ಏನಾಯಿತು, ಒಂದಕ್ಕೂ ದಾಖಲೆ ಇಲ್ಲ. ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದೂ ಇದನ್ನೇ. ಜೀಪು ಈಗ ಅವನ ಹೊಲದ ಶೆಡ್ಡಿನಲ್ಲಿದೆ.

ಹಾಗಾದರೆ ಇಂಜಿನ್ ಬದಲಿಸಲೇಬಾರದಾ? ಹಾಗಲ್ಲ. ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಸಿಗದೇ ಇದ್ದರೆ ಬೇರೆ ದಾರಿ ಇಲ್ಲ. ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್ ಹುಡುಕಿ. ಕೊಡುವವನಿಂದ ಬಿಲ್ಲು ಮತ್ತು ಆ ಗಾಡಿಯ ಕಾಗದದ ನಕಲು ತಗೊಳ್ಳಿ. ಅನುಮತಿ ಕೈಗೆ ಬಂದ ಮೇಲೆ ಕೂರಿಸಿ. ಈ ಕ್ರಮ ಹಿಂದುಮುಂದಾದರೆ ಉಳಿಸಿದ ದುಡ್ಡೆಲ್ಲ ಓಡಾಟಕ್ಕೆ ಹೋಗುತ್ತದೆ.

ಮಾರಿ, ಸ್ವಲ್ಪ ಹೊಸದು ತಗೊಳ್ಳೋದು

ಇದು ಮೂರನೇ ದಾರಿ. ನಮ್ಮ ಕಡೆ ಹೆಚ್ಚು ಜನ ನೋಡುವುದು 2010ರಿಂದ 2020ರವರೆಗಿನ ಮಹೀಂದ್ರಾ ಥಾರ್ ಜೀಪು. ಅದರಲ್ಲಿ ಎರಡು ಬಗೆ. ಒಂದು ಹಳೆ ನಮೂನೆಯ ಡಿಐ ಇಂಜಿನ್. ಇನ್ನೊಂದು 2498 ಸಿಸಿಯ ಸಿಆರ್‌ಡಿಇ, ಕಾಮನ್ ರೈಲ್, ಅಂದರೆ ಕಂಪ್ಯೂಟರ್ ಹೇಳಿದಂತೆ ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ನಮೂನೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೈವೇ ಹಿಡಿದು ಹೋಗುವವರಿಗೆ ಸಿಆರ್‌ಡಿಇ ಬೇರೆಯೇ ಸುಖ. ನಮ್ಮ ಜೀಪಿನಲ್ಲಿ ಹಾವೇರಿ ಮುಟ್ಟುವಷ್ಟರಲ್ಲಿ ಸೊಂಟ ಕೇಳುತ್ತದೆ.

ಆದರೆ ಡೀಸೆಲ್ ಎಲ್ಲಿಂದ ಹಾಕಿಸುತ್ತೀರಿ ಅನ್ನೋದನ್ನು ಕೇಳಿಕೊಳ್ಳಿ. ಹಳೆ ಜೀಪಿನ ನೋಝಲ್ ನೂರು, ನೂರೈವತ್ತು ಬಾರ್ ಒತ್ತಡದ ಆಸುಪಾಸಿನಲ್ಲಿ ತೆರೆಯುತ್ತದೆ. ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಒಳಗಿನ ಸಂದುಗಳು ಅಷ್ಟೇ ಸೂಕ್ಷ್ಮ. ಹೊಲದ ಮನೆಯ ಬ್ಯಾರಲ್‌ನಿಂದ ಕ್ಯಾನಿಗೆ, ಕ್ಯಾನಿನಿಂದ ಟ್ಯಾಂಕಿಗೆ ಸುರಿಯುವ ಡೀಸೆಲ್‌ನಲ್ಲಿ ನೀರು, ಕಸ ಎರಡೂ ಇರುತ್ತವೆ. ಹಳೆ ಪಂಪಿಗೂ ಅದು ಒಳ್ಳೇದಲ್ಲ, ಆದರೆ ಫಿಲ್ಟರ್ ಬದಲಿಸಿ, ಕೈಪಂಪು ಒತ್ತಿ ಏರ್ ತೆಗೆದರೆ ಹೆಚ್ಚಿನ ಸಲ ಎದ್ದೇಳುತ್ತದೆ. ಕಾಮನ್ ರೈಲ್ ಇಂಜೆಕ್ಟರ್‌ಗೆ ನೀರು ಹೋದರೆ ಒಂದೊಂದು ಇಂಜೆಕ್ಟರ್‌ನ ಬೆಲೆಯೇ ಬೆವರಿಳಿಸುತ್ತದೆ. ಜೊತೆಗೆ ಸೆನ್ಸಾರ್, ವೈರಿಂಗ್. ಹೊಲದಲ್ಲಿ ನಿಂತರೆ ಲ್ಯಾಪ್‌ಟಾಪ್ ಹಿಡಿದವರು ಬರಬೇಕು.

ಹಾಗಾಗಿ ನನ್ನ ಲೆಕ್ಕ ಹೀಗೆ. ವಾರಕ್ಕೆ ನೂರಿನ್ನೂರು ಕಿಲೋಮೀಟರ್ ಹೈವೇ ಇದ್ದರೆ, ಪಂಪಿನ ಡೀಸೆಲ್ ಮಾತ್ರ ಹಾಕುವವರಾದರೆ, ಸಿಆರ್‌ಡಿಇ ಥಾರ್. ಹೊಲ, ಹಳ್ಳ, ಕಪ್ಪತಗುಡ್ಡದ ಕೆಳಗಿನ ಕಲ್ಲುದಾರಿ ಇಷ್ಟೇ ಆದರೆ, ಚಾಸಿ ಗಟ್ಟಿ ಇರುವ ಹಳೆ ಜೀಪೇ ಸಾಕು.

ಫೋರ್ ಬೈ ಫೋರ್ ಅನ್ನೋ ಆಸ್ತಿ

ಇಂಜಿನ್ ಗಲಾಟೆಯಲ್ಲಿ ಎಲ್ಲರೂ ಮರೆಯೋದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಗೇರ್ ಪೆಟ್ಟಿಗೆಯನ್ನು, ಅಂದರೆ ಮುಂದಿನ ಹೌಸಿಂಗನ್ನು. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಚಕ್ರಗಳ ನಡುವೆ, ತಿರುವಿನಲ್ಲಿ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಒಣ ಟಾರ್ ರಸ್ತೆಯಲ್ಲಿ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ) ಹಾಕಿ ತಿರುಗಿಸಿದರೆ ಗೇರ್‌ಗಳು ಒಂದಕ್ಕೊಂದು ಹಗ್ಗ ಜಗ್ಗಾಡುತ್ತವೆ. ಲಿವರ್ ಬಿಗಿದುಕೊಳ್ಳುತ್ತದೆ, ಜಾಯಿಂಟ್ ಕ್ರಾಸ್ ಮುರಿಯುತ್ತದೆ. ಹಾಗಂತ ಬಳಸದೇ ಬಿಟ್ಟರೂ ಕೆಡುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ಹಾಕಿ ಒಂದೆರಡು ಕಿಲೋಮೀಟರ್ ಓಡಿಸಿ, ಆಯಿಲ್ ಒಳಗೆಲ್ಲ ಹರಿದಾಡಲಿ.

ಬೆಣ್ಣೆಹಳ್ಳ ದಾಟಿದ ಮಾರನೇ ದಿನ ಎರಡೂ ಹೌಸಿಂಗಿನ ಲೆವೆಲ್ ನಟ್ಟು ಬಿಚ್ಚಿ, ಕಿರುಬೆರಳು ಹಾಕಿ ನೋಡಿ. ಜೇನಿನ ಬಣ್ಣ ಇದ್ದರೆ ಮುಚ್ಚಿಬಿಡಿ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ ಇದ್ದರೆ ನೀರು ಹೋಗಿದೆ, ಅಂದೇ ಬಸಿದು ಹೊಸ ಗೇರ್ ಆಯಿಲ್ ಹಾಕಿ. ನಾನು ಒಮ್ಮೆ ಮೂರು ತಿಂಗಳು ಬಿಟ್ಟೆ. ಹಿಂದಿನ ಹೌಸಿಂಗಿನ ಎರಡೂ ಗೇರ್, ಕ್ರೌನ್ ಮತ್ತು ಪಿನಿಯನ್, ಹೋದವು.

ಟಯರ್ ವಿಚಾರ ಬೇಗ ಮುಗಿಸುತ್ತೇನೆ. ಕಲಘಟಗಿ, ಅಳ್ನಾವರ ಕಡೆಯ ಕೆಂಪು ಮಣ್ಣಿಗೆ ಆಲ್ ಟೆರೇನ್ ಸಾಕು. ಎರೆ ಹೊಲಕ್ಕೆ ದಪ್ಪ ಗುಳ್ಳೆಯ ತೆಳು ಟಯರ್, 6.00-16 ಅಳತೆಯದು, ಮೇಲಿನ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿಗೆ ಹೋಗುತ್ತದೆ. ಅಗಲ ಟಯರ್ ನೋಡಲು ಚೆಂದ, ಆದರೆ ಎರೆಯಲ್ಲಿ ಎರಡು ಸುತ್ತಿಗೆ ರೊಟ್ಟಿ ಹಿಟ್ಟಿನ ಮುದ್ದೆಯಾಗುತ್ತದೆ. ಇನ್ನು ಸರಿಯಾಗಿ ನೆನೆದ ಎರೆ ಹೊಲಕ್ಕೆ ಯಾವ ಟಯರೂ ಇಲ್ಲ. ಎರಡು ದಿನ ಬಿಸಿಲು ಬೀಳಲಿ, ಆಮೇಲೆ ಹೋಗಿ.

ಬಿಡಿಭಾಗ: ಎಲ್ಲಿ ಜಿಪುಣತನ ನಡೆಯುತ್ತದೆ

ಬಾಗಿಲ ಹಿಡಿ, ಕನ್ನಡಿ, ಲೈಟು, ಬಂಪರ್ ಇವಕ್ಕೆಲ್ಲ ಗುಜರಿ ಮಾಲು ಧಾರಾಳವಾಗಿ ಸಾಕು. ಕಮಾನ್ ಪಟ್ಟಿ, ಬುಷ್ ಲೋಕಲ್ ಹಾಕಿಸಬಹುದು. ಬ್ರೇಕ್ ಸಿಲಿಂಡರ್, ಬ್ರೇಕ್ ರಬ್ಬರ್, ಸ್ಟಿಯರಿಂಗ್ ಬಾಲ್ ಜಾಯಿಂಟ್, ಹೆಡ್ ಗ್ಯಾಸ್ಕೆಟ್, ಆಯಿಲ್ ಸೀಲ್ ಮಾತ್ರ ಒಳ್ಳೆ ಕಂಪನಿಯದೇ ಇರಲಿ. ಡೀಸೆಲ್ ಪೈಪುಗಳನ್ನು ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿ. ಹಳೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಡೀಸೆಲ್ ಸೋರುವ ಮೊದಲು ಗಾಳಿ ಎಳೆಯುತ್ತದೆ, ಬೆಳಗ್ಗೆ ಗಾಡಿ ಎದ್ದೇಳುವುದಿಲ್ಲ. ಬ್ಯಾಟರಿ ಬದಲಿಸಿ, ಸೆಲ್ಫ್ ಬಿಚ್ಚಿಸಿ ದುಡ್ಡು ಕಳೆದ ಮೇಲೆ ಎಷ್ಟೋ ಜನಕ್ಕೆ ಇದು ಗೊತ್ತಾಗುತ್ತದೆ.

ಇಂಜಿನ್ ಆಯಿಲ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸಾದಾ 15ಡಬ್ಲ್ಯು-40 ಡೀಸೆಲ್ ಆಯಿಲ್, 5,000 ಕಿಲೋಮೀಟರಿಗೆ ಇಲ್ಲವೇ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ತುಟ್ಟಿ ಸಿಂಥೆಟಿಕ್ ಹಾಕುವ ದುಡ್ಡಿನಲ್ಲಿ ಎರಡು ಸಲ ಸಾದಾ ಆಯಿಲ್ ಬದಲಿಸಿದರೆ ಹಳೆ ಇಂಜಿನ್‌ಗೆ ಅದೇ ಒಳ್ಳೇದು.

ಮಾರುವ ತೀರ್ಮಾನ ಮಾಡಿದವರಿಗೆ ಕೊನೆಯದಾಗಿ ಇಷ್ಟು. ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು ಕೈ ಕಟ್ಟಿ ಕೂರಬೇಡಿ. ಹೆಸರು ಬದಲಾದ ಆರ್‌ಸಿ ಕಣ್ಣಾರೆ ನೋಡುವವರೆಗೆ ಸ್ವಲ್ಪ ದುಡ್ಡು ಹಿಡಿದಿಟ್ಟುಕೊಳ್ಳಿ ಅಂತ ಕೊಳ್ಳುವವನಿಗೆ ಹೇಳುತ್ತಾರೆ. ನಾನು ಮಾರುವವನಿಗೂ ಹೇಳುತ್ತೇನೆ: ಎರಡನೇ ಕೀಲಿ ನಿಮ್ಮ ಹತ್ತಿರವೇ ಇರಲಿ, ಆರ್‌ಸಿಯಲ್ಲಿ ಅವರ ಹೆಸರು ಬಂದ ದಿನ ಕೊಡಿ.